ಹನ್ನೊಂದು ಸುತ್ತು

ನನಗೆ ಕೋಪ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ದೂರಬಾರದು. ಮೂವತ್ನಾಲ್ಕು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು ನಾನು, ಕೊನೆಯ ಎಂಟು ವರ್ಷ ಹೆಡ್‌ಮಿಸ್. ರಿಟೈರಾದ ಮೇಲೆ ನಿಲ್ಲಿಸುವುದಕ್ಕೆ ಮಕ್ಕಳಿರಲಿಲ್ಲ. ಮನೆಯಲ್ಲಿದ್ದ ಯಜಮಾನರೋ, ಹೇಳದೆ ಕೇಳದೆ ತಾವಾಗಿಯೇ ನಿಂತುಬಿಡುತ್ತಿದ್ದರು.

ನಿಂತುಬಿಡುತ್ತಿದ್ದರು ಎಂದರೆ ನಿಜವಾಗಿ. ಹಾಲಿನಿಂದ ಅಡುಗೆಮನೆಗೆ ಬರುವಾಗ ಬಾಗಿಲ ಹತ್ತಿರ ಬಂದ ತಕ್ಷಣ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ಮೈ ಮುಂದಕ್ಕೆ ಬಾಗುತ್ತಿತ್ತು, ಕಾಲು ಮಾತ್ರ ಬರುತ್ತಿರಲಿಲ್ಲ. ಪಾರ್ಕಿನ್ಸನ್ ಅಂತ ಡಾಕ್ಟರು ಹೆಸರು ಹೇಳಿ ಮೂರು ವರ್ಷವಾಗಿತ್ತು. ಮೊದಲು ಬಲಗೈ ನಡುಗಿತು, ಆಮೇಲೆ ದನಿ ಸಣ್ಣಗಾಯಿತು, ಆಮೇಲೆ ಈ ಕಾಲು. ಹೋದ ದೀಪಾವಳಿಯಲ್ಲಿ ಬಚ್ಚಲ ಬಾಗಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟರು, ಮಾತನ್ನೂ ಹೆಚ್ಚುಕಡಿಮೆ ಬಿಟ್ಟರು.

ಇವರು ಹೇಗಿದ್ದವರು ಅಂತ ನಿಮಗೆ ಗೊತ್ತಿಲ್ಲ. ಹೆಸರು ಚನ್ನಬಸವಯ್ಯ, ಗುಬ್ಬಿ ತಾಲ್ಲೂಕು ಕಡಬದವರು. ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿದವರು. ಕಂಬ ಹತ್ತುವುದು ಸಂಬಳದ ಕೆಲಸ, ಕಂಬ ಹೊರುವುದು ದೇವರ ಕೆಲಸ. ಐದಾಳು ಎತ್ತರದ, ಹಿತ್ತಾಳೆ ತಗಡು ಗಂಟೆಗಳನ್ನು ಕಟ್ಟಿದ ನಂದಿಕೋಲನ್ನು ಸೊಂಟದ ಪಟ್ಟಿಗೆ ನಿಲ್ಲಿಸಿಕೊಂಡು, ಶ್ರಾವಣದ ಸೋಮವಾರಗಳಲ್ಲಿ ಬೀದಿಬೀದಿ ನಡೆಯುತ್ತಿದ್ದರು. ನಲವತ್ತು ಕೆಜಿಯ ಮೇಲೆ ತೂಕ. ಅಂಥ ಮನುಷ್ಯ ಈಗ ತಮ್ಮ ಮೈಯನ್ನೇ ಹೊತ್ತು ಒಂದು ಹೊಸ್ತಿಲು ದಾಟಲಾರದೆ ನಿಂತಿರುವುದನ್ನು ನೋಡಿದರೆ ನನಗೆ ಅಳು ಬರಬೇಕಿತ್ತು. ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಸಂಕ್ರಾಂತಿ ಮುಗಿದ ವಾರ ಕುಣಿಗಲ್‌ನಿಂದ ಮಗಳು ಸುಮನಾ, ಅಳಿಯ ಮಲ್ಲಿಕಾರ್ಜುನ್ ತುಮಕೂರಿಗೆ ನಮ್ಮ ಮನೆಗೆ ಬಂದರು. ಹೊಸ ಮನೆ ಮುಗಿದಿತ್ತು, ಫೆಬ್ರವರಿ ಕೊನೆಗೆ ಗೃಹಪ್ರವೇಶ. ಅಳಿಯ ಒಳ್ಳೆಯ ಹುಡುಗ, ಮಾವನಿಗೆ ಅಂತ ವೀಲ್‌ಚೇರ್ ತಂದಿದ್ದ. ಅದನ್ನು ಬಿಡಿಸಿ ಹಾಲಿನಲ್ಲಿ ಇಟ್ಟಾಗ ಇವರು ಗೋಡೆ ಕಡೆ ಮುಖ ತಿರುಗಿಸಿಕೊಂಡರು.

"ನಾಲ್ಕ್ ಜನದ ಮುಂದೆ ನನ್ನ ಎತ್ಕೊಂಡ್ ಹೊಸ್ಲು ದಾಟಿಸ್ತೀರಾ? ನಾನ್ ಬರಲ್ಲ," ಅಂದರು. ವಾರದಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು.

ಸುಮನಾ ನನ್ನ ಮಗಳೇ ತಾನೆ. "ಅಪ್ಪ ಹೊಸ್ಲು ದಾಟ್ದೆ ನಾನ್ ಹಾಲ್ ಉಕ್ಕಿಸಲ್ಲ. ಮನೆ ಹಂಗೇ ಬಿದ್ದಿರ್ಲಿ," ಅಂತ ಹೇಳಿ ಎದ್ದುಹೋಗಿ ಕಾರಿನಲ್ಲಿ ಕೂತು ಅತ್ತಳು. ಒಬ್ಬರು ಬರಲ್ಲ, ಒಬ್ಬಳು ಬಿಡಲ್ಲ. ಮಧ್ಯದಲ್ಲಿ ನಾನು, ಐದು ವಾರ ಟೈಮು.

ಬಿ.ಹೆಚ್. ರೋಡಿನ ಕಡೆ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಆಟೋದಲ್ಲಿ ಕರೆದುಕೊಂಡು ಹೋದೆ. ದೀಪಿಕಾ ಅಂತ ಹುಡುಗಿ, ನನ್ನ ಸ್ಕೂಲಿನ ಏಳನೇ ಕ್ಲಾಸಿನವಳ ಹಾಗಿದ್ದಳು, ಆದರೆ ಜಾಣೆ.

"ಆಂಟಿ, ಅಂಕಲ್ ಕಾಲಲ್ಲಿ ಶಕ್ತಿ ಇದೆ. ಮೆದುಳಿಂದ ಬರೋ ಆರ್ಡರ್ ಮಧ್ಯದಲ್ಲೆಲ್ಲೋ ಸಿಕ್ಕಾಕೊಳ್ಳುತ್ತೆ ಅಷ್ಟೆ. ಕಿವಿಗೆ ಒಂದು ತಾಳ ಕೊಟ್ರೆ ಎಷ್ಟೋ ಜನಕ್ಕೆ ಕಾಲು ಅದನ್ನ ಹಿಡ್ಕೊಂಡು ಮುಂದಕ್ಕೆ ಹೋಗುತ್ತೆ. ಕಾಯಿಲೆ ವಾಸಿ ಆಗಲ್ಲ, ಸುಳ್ಳು ಹೇಳಲ್ಲ. ನಡೆಯೋದು ಸಲೀಸಾಗ್ಬೋದು, ಮನಸ್ಸಿಗೂ ಒಳ್ಳೇದು."

ಫೋನಿನಲ್ಲಿ ಟಿಕ್ ಟಿಕ್ ಅನ್ನುವ ಒಂದು ಆ್ಯಪ್ ಹಾಕಿಕೊಟ್ಟಳು. ಮನೆಗೆ ಬಂದು ಹಚ್ಚಿದೆ. ಇವರು ಎರಡು ನಿಮಿಷ ಕೇಳಿ, "ಹಲ್ಲಿ ಲೊಚಗುಟ್ಟಿದಂಗದೆ, ಆರ್ಸು," ಅಂದರು. ಆರಿಸಿದೆ.

ದೀಪಿಕಾಗೆ ಫೋನ್ ಮಾಡಿದರೆ, "ಅಂಕಲ್‌ಗೆ ಇಷ್ಟವಾದ ತಾಳ ಯಾವುದು ಹೇಳಿ," ಅಂದಳು. ಅದೇನು ಯೋಚನೆ ಮಾಡಬೇಕಾದ ವಿಷಯವೇ? ನಂದಿಕೋಲಿನ ಮುಂದೆ ಬಾರಿಸುವ ಸಮಾಳ. ಕೊರಳಿಗೆ ಹಾಕಿಕೊಂಡು ಕೋಲಿನಿಂದ ಬಾರಿಸುವ ಚರ್ಮದ ವಾದ್ಯ ಅದು. ಬಾರಿಸುವವರು ಯಾರೂ ಬೇಕಾಗಿರಲಿಲ್ಲ, ಆ ತಾಳ ನನಗೇ ಬರುತ್ತಿತ್ತು. ಗುಬ್ಬಿಯಲ್ಲಿ ನನ್ನ ತವರುಮನೆ ಮುಂದೆ ಕಡಬದವರ ನಂದಿಕೋಲು ಪ್ರತಿ ಶ್ರಾವಣ ಬಂದು ನಿಲ್ಲುತ್ತಿತ್ತು. ಮನೆಯ ಹೆಣ್ಣುಮಗಳಾಗಿ ಆರತಿ ಹಿಡಿಯುವುದು ನನ್ನ ಕೆಲಸ. ಸಮಾಳ ನಿಲ್ಲುವವರೆಗೆ ತಟ್ಟೆ ಇಳಿಸುವ ಹಾಗಿರಲಿಲ್ಲ. ಕರ್ಪೂರದ ಹೊಗೆ ಕಣ್ಣಿಗೆ, ತಟ್ಟೆಯ ಭಾರ ತೋಳಿಗೆ, ಈ ಬಾರಿಸುವವರು ಬೇಗ ಮುಗಿಸಬಾರದಾ ಅಂತ ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ನಾನು ಆ ತಾಳವನ್ನು ಬಾಯಿಪಾಠ ಮಾಡಿಬಿಟ್ಟಿದ್ದೆ. ಕೋಲು ಹೊತ್ತ ಹುಡುಗ ಇವರೇ. ಮೂರು ಶ್ರಾವಣ ಆದಮೇಲೆ ಸೋದರಮಾವ ಇವರ ಜಾತಕ ತಂದ. ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ. ಕೇಳಿದವರಿಗೆಲ್ಲ ಹಾಗೇ ಹೇಳಿಕೊಂಡು ಬಂದಿದ್ದೇನೆ.

ದೊಡ್ಡ ಸ್ಟೀಲ್ ಕೊಳಗವನ್ನು ಬೋರಲು ಹಾಕಿ, ಮುದ್ದೆ ತಿರುವುವ ಕೋಲು ತೆಗೆದುಕೊಂಡು ಬಾರಿಸಲು ಶುರುಮಾಡಿದೆ.

ಏನಾಯಿತು ಗೊತ್ತೇ? ಇವರ ಬಾಗಿದ ಬೆನ್ನು ನೆಟ್ಟಗಾಯಿತು. ಗದ್ದ ಮೇಲೆದ್ದಿತು. ಎರಡೂ ಕೈ ಹೊಟ್ಟೆಯ ಹತ್ತಿರ ಬಂದು, ಇಲ್ಲದ ಕೋಲನ್ನು ಹಿಡಿದುಕೊಂಡವು. ಬಲಗೈಯ ನಡುಕ ಕೂಡ ಕಡಿಮೆಯಾದ ಹಾಗೆ ಕಂಡಿತು. ನನಗೆ ಎದೆ ತುಂಬಿಬಂತು. "ನಡೀರಿ, ನಡೀರಿ!" ಅಂದೆ.

ನಡೆಯಲಿಲ್ಲ. ಮೊದಲಾದರೂ ಬಾಗಿಲಲ್ಲಿ ಮಾತ್ರ ನಿಲ್ಲುತ್ತಿದ್ದವರು, ಈಗ ನಾನು ಕೊಳಗ ಮುಟ್ಟಿದರೆ ಹಾಲಿನ ನಡುವೆಯೇ ಕಂಬ ನೆಟ್ಟ ಹಾಗೆ ನಿಂತರು.

ಹತ್ತು ದಿನ ಹೀಗೇ ಆಯಿತು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಾರಿಸಿದೆ. ಜೋರಾಗಿ ಬಾರಿಸಿದೆ, ನಿಧಾನವಾಗಿ ಬಾರಿಸಿದೆ. ಪಕ್ಕದ ಮನೆಯವರು ಬಂದು, ಮೇಡಂ ಏನಾದರೂ ಪೂಜೆಯಾ ಅಂತ ಕೇಳಿಕೊಂಡು ಹೋದರು. ಹನ್ನೊಂದನೇ ದಿನ ನನ್ನ ತಾಳ್ಮೆ ಹರಿಯಿತು.

"ಬೇಕು ಬೇಕು ಅಂತ ಮಾಡ್ತಿದೀರಾ ನೀವು. ಮಗಳ ಮನೆಗೆ ಹೋಗ್ಬಾರ್ದು ಅಂತ ಹಟ. ಮೊಂಡು ಬಿದ್ದಿದೀರಿ!" ಅಂತ ಕೂಗಿದೆ. ಇವರು ನನ್ನನ್ನೇ ನೋಡುತ್ತಾ ನಿಂತಿದ್ದರು. ಆ ಕಾಯಿಲೆಯಲ್ಲಿ ಮುಖದ ನರಗಳು ಬಿಗಿದುಕೊಳ್ಳುತ್ತವಂತೆ, ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗುವುದಿಲ್ಲ. ಕಾಯಿಲೆಯ ಮನುಷ್ಯನನ್ನು ಬೈದೆನಲ್ಲ ಅಂತ ಅಡುಗೆಮನೆಗೆ ಹೋಗಿ ನನ್ನನ್ನೇ ಬೈದುಕೊಂಡೆ.

ಆ ಭಾನುವಾರ ಕಡಬದಿಂದ ಗಂಗಹನುಮಯ್ಯ ಬಂದರು. ಇವರು ಕೋಲು ಹೊರುತ್ತಿದ್ದ ಅಷ್ಟೂ ವರ್ಷ ಮುಂದೆ ಸಮಾಳ ಬಾರಿಸಿದವರು ಅವರೇ. ಇವರ ಕೈ ಮುರಿದಿದ್ದು ಯಾರಿಂದಲೋ ತಡವಾಗಿ ತಿಳಿಯಿತಂತೆ, ಒಂದು ಗೊನೆ ಎಳನೀರು ಹೊತ್ತುಕೊಂಡು ಬಂದಿದ್ದರು. ಅವರು ಗೇಟು ತೆಗೆಯುವ ಹೊತ್ತಿಗೆ ನಾನು ಕೊಳಗ ಬಾರಿಸುತ್ತಿದ್ದೆ. ಇವರು ವರಾಂಡದಲ್ಲಿ ನಿಂತಿದ್ದರು. ಗಂಗಹನುಮಯ್ಯ ಗೊನೆ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಕೈಮುಗಿದು ಸುಮ್ಮನೆ ನಿಂತುಬಿಟ್ಟರು. ನಾನು ನಿಲ್ಲಿಸಿದ ಮೇಲೆಯೇ ಮಾತಾಡಿದ್ದು.

"ಯಾವ್ ದೇವ್ರಿಗಕ್ಕಾವ್ರೆ ಆರತಿ?"

"ಆರತಿ ಎಲ್ಲಿಂದ ಬಂತು? ಹತ್ತು ದಿನದಿಂದ ಇವರನ್ನ ನಡೆಸೋಕೆ ಬಾರಿಸ್ತಿದೀನಿ, ನಿಂತೇಬಿಡ್ತಾರೆ," ಅಂದೆ.

ಅವರು ಮೆಟ್ಟಿಲ ಮೇಲೆ ಕುಸಿದು ಕೂತು ನಗುವುದಕ್ಕೆ ಶುರುಮಾಡಿದರು, ಕಣ್ಣಲ್ಲಿ ನೀರು ಬರುವ ಹಾಗೆ. "ಅಯ್ಯೋ ಶಿವ್ನೆ! ಅಕ್ಕಾವ್ರೆ, ಇದು ನಿಲ್ಲೋ ಗತ್ತು ಕಣ್ರವ್ವ! ಆರತಿ ಆಗೋಗಂಟ ಕೋಲು ಅಲ್ಲಾಡ್ಬಾರ್ದು ಅಂತ ಬಾರ್ಸೋದು. ಈ ಗತ್ತು ಬಿದ್ರೆ ಹೊತ್ತೋನು ಉಸ್ರು ಬಿಗಿಹಿಡ್ಕಂಡು ನಿಂತ್ಕಬೇಕು. ನಡೆಯೋ ಗತ್ತೇ ಬ್ಯಾರೆ. ಅಣ್ಣನ ಮೈಯಾಗೆ ಅದು ಇನ್ನೂ ಅದೆ, ಅದ್ಕೇ ನಿಂತವ್ನೆ. ಹತ್ತು ದಿನದಿಂದ ನಿಲ್ಲಿಸ್ಬುಟ್ಟು ನಡಿ ನಡಿ ಅಂದ್ರೆ ಎಲ್ಲಿ ನಡ್ದಾನು?"

ಕೊಳಗದ ಮೇಲಿದ್ದ ನನ್ನ ಕೈ ಹಾಗೇ ಉಳಿಯಿತು. ಕೋಲು ನಮ್ಮ ಮನೆ ಮುಂದೆ ನಿಂತಾಗ ಮಾತ್ರ ನಾನು ನೋಡಿದ್ದೆ. ಅದು ನಡೆಯುವಾಗ ಗಂಡಸರು ಜೊತೆಗೆ ಹೋಗುತ್ತಿದ್ದರು, ನಾವು ಬಾಗಿಲಲ್ಲಿ ಉಳಿಯುತ್ತಿದ್ದೆವು. ಮದುವೆಯಾಗಿ ಕಡಬಕ್ಕೆ ಹೋದ ಮೇಲೂ ಅಷ್ಟೇ, ಆರತಿ ತಟ್ಟೆ, ಬಾಗಿಲು. ಇವರು ನಡೆಯುವ ತಾಳವನ್ನು ನಾನು ಒಂದು ದಿನವೂ ಹತ್ತಿರದಿಂದ ಕೇಳಿರಲಿಲ್ಲ.

"ಅದ್ಸರಿ," ಅಂದರು ಗಂಗಹನುಮಯ್ಯ, ಕಣ್ಣೊರೆಸಿಕೊಂಡು. "ಬ್ಯಾರೆ ಮನೆ ಮುಂದೆ ಮೂರೇ ಸುತ್ತು ನಾವ್ ಬಾರಿಸ್ತಿದ್ದಿದ್ದು. ನಿಮ್ಗೆ ಪೂರ್ತಿ ಗತ್ತು, ತಿರುವು ಸಮೇತ ಬತ್ತದಲ್ಲ, ಹೆಂಗೆ?"

"ನಮ್ಮನೆ ಮುಂದೆ ನೀವು ಉದ್ದಕ್ಕೆ ಬಾರಿಸ್ತಿದ್ರಲ್ಲಪ್ಪ. ನನ್ನ ಕೈ ಬಿದ್ದೇ ಹೋಗ್ತಿತ್ತು."

ಅವರು ಇವರ ಕಡೆ ತಿರುಗಿ, "ಹೇಳ್ಬುಡ್ಲೇನಣ್ಣ?" ಅಂದರು. ಇವರು ನಿಧಾನವಾಗಿ ತಲೆ ಅಡ್ಡಡ್ಡ ಆಡಿಸಿದರು. ಗಂಗಹನುಮಯ್ಯ ಬಾಯಿ ಮುಚ್ಚಿಕೊಂಡರು. ಗಂಡಸರ ಏನೋ ಹಳೆಯ ಗುಟ್ಟು, ಇರಲಿ ಅಂತ ನಾನೂ ಕೆದಕಲಿಲ್ಲ.

ಅವರು ಕೊಳಗ ತೆಗೆದುಕೊಂಡು ನಡೆಯೋ ಗತ್ತು ಬಾರಿಸಿದರು. ಎರಡು ಪೆಟ್ಟು ಭಾರ, ಒಂದು ಹಗುರ, ನಡುವೆ ಒಂದು ಹೆಜ್ಜೆಯಷ್ಟು ಜಾಗ. ಇವರ ಎಡಗಾಲು ಎದ್ದಿತು. ಬಲಗಾಲು ಎದ್ದಿತು. ವರಾಂಡದ ಮೂರು ಮೆಟ್ಟಿಲು ಇಳಿದು, ತುಳಸಿಕಟ್ಟೆ ದಾಟಿ, ಗೇಟಿನವರೆಗೆ ನಡೆದರು. ಗೇಟಿನ ಬಾಯಲ್ಲಿ ನಿಲ್ಲಲಿಲ್ಲ, ರಸ್ತೆಗೆ ಕಾಲಿಟ್ಟರು. ಮೂರು ವರ್ಷದಿಂದ ಬಾರದ ಅಳು ನನಗೆ ಆಗ ಬಂತು, ರಸ್ತೆಯಲ್ಲಿ ಹಾಲಿನವನು ನೋಡುತ್ತಿದ್ದಾನೆ ಅನ್ನುವುದೂ ತೋಚಲಿಲ್ಲ.

ಗೃಹಪ್ರವೇಶಕ್ಕೆ ನೀವೇ ಬಂದು ಬಾರಿಸಬೇಕು ಅಂತ ಗಂಗಹನುಮಯ್ಯನವರನ್ನು ಕೇಳಿದೆ. ಅದೇ ವಾರ ಅವರಿಗೆ ಕಣ್ಣಿನ ಪೊರೆ ಆಪರೇಷನ್. "ಅದೂ ಅಲ್ದೆ ದಿನಾ ಅಣ್ಣನ್ನ ಬಚ್ಚಲಿಗೆ ನಡೆಸಾಕೆ ನಾನ್ ಕಡಬದಿಂದ ಬಂದೇನಾ? ಕೈ ನಿಮ್ದೇ ಆಗ್ಬೇಕು," ಅಂದರು. ಮುಂದಿನ ಭಾನುವಾರ ತಮ್ಮ ಸಮಾಳವನ್ನೇ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೊರಳಿಗೆ ಹಾಕಿದರು.

ಅದರ ಜೊತೆ ಎರಡು ಕಟ್ಟಳೆ ಬಂದವು. ಒಂದು, ಬಾರಿಸುವವರು ಕೋಲಿಗೆ ಬೆನ್ನು ತೋರಿಸಬಾರದು, ಹೊತ್ತವನ ಮುಖ ನೋಡುತ್ತಾ ಹಿಂದುಹಿಂದಕ್ಕೆ ನಡೆಯಬೇಕು. ಇನ್ನೊಂದು, ಕೋಲು ಇಳಿಯುವವರೆಗೆ ಸಮಾಳ ನಿಲ್ಲಬಾರದು. ಹೊತ್ತವನು ಆ ಸದ್ದಿನ ಮೇಲೆ ಭಾರ ಹಾಕಿರುತ್ತಾನೆ, ಅದು ತಟ್ಟನೆ ನಿಂತರೆ ಕಾಲು ತಪ್ಪುತ್ತದೆ.

ಅರವತ್ತೆರಡನೇ ವಯಸ್ಸಿನಲ್ಲಿ ಹೆಡ್‌ಮಿಸ್ ಗಂಗಾಂಬಿಕೆ ವಿದ್ಯಾರ್ಥಿಯಾದಳು. ಮೊದಲ ವಾರ ಎರಡು ಸಲ ತುಳಸಿಕಟ್ಟೆಗೆ ಬೆನ್ನು ಹೊಡೆದುಕೊಂಡೆ. ಒಂದು ಸಲ ಹಾಲಿನವನ ಸೈಕಲ್ ಮೇಲೇ ಕೂತೆ. ತಾಳ ತಪ್ಪಿದರೆ ಇವರ ಕಾಲು ತಕ್ಷಣ ಹೇಳಿಬಿಡುತ್ತಿತ್ತು, ಅರ್ಧದಲ್ಲಿ ತೊಡರುತ್ತಿತ್ತು. ಸ್ಕೂಲಿನ ಮಕ್ಕಳಲ್ಲಿ ನಾನು ಹಿಡಿಯದಷ್ಟು ತಪ್ಪುಗಳನ್ನು ಆ ಕಾಲು ಹಿಡಿಯಿತು. ಎರಡನೇ ವಾರ ಬೆಳಿಗ್ಗೆ ಆರೂವರೆಗೆ ಅಮಾನಿಕೆರೆ ಪಾರ್ಕಿಗೆ ಹೋಗಲು ಶುರುಮಾಡಿದೆವು. ವಾಕಿಂಗ್ ಬರುವವರು ನಿಂತು ನೋಡಿದರು. ಹೆಂಗಸು ಕೊರಳಿಗೆ ಸಮಾಳ ಹಾಕಿಕೊಂಡು ಹಿಂದಕ್ಕೆ ಹೋಗುತ್ತಿದ್ದಾಳೆ, ಎದುರಿಗೆ ಗಂಡ ಬರುತ್ತಿದ್ದಾನೆ, ನೋಡದೆ ಏನು ಮಾಡುತ್ತಾರೆ? ನನಗೆ ನಾಚಿಕೆಯಾಗುತ್ತಿತ್ತು. ಆದರೆ ಕೈ ಬಿಡುವ ಹಾಗಿರಲಿಲ್ಲವಲ್ಲ, ನಾಚಿಕೆಯೂ ತಾಳದ ಜೊತೆಗೇ ನಡೆದುಕೊಂಡು ಬಂತು, ನಾಲ್ಕು ದಿನ ಆದಮೇಲೆ ಎಲ್ಲೋ ಹಿಂದೆ ಉಳಿಯಿತು.

ಇವರಿಗೆ ಅಂತ ಬಾರಿಸಿದ್ದು, ನನಗೂ ಆಗುತ್ತಿತ್ತು. ಬೋರ್ಡಿನ ಮೇಲೆ ಬರೆದೂ ಬರೆದೂ ಹಿಡಿದುಕೊಂಡಿದ್ದ ಬಲಭುಜ ಸಡಿಲವಾಯಿತು. ಎರಡು ಗಂಟೆಗೇ ಎಚ್ಚರವಾಗಿ ಸೂರು ನೋಡುತ್ತಾ ಮಲಗುತ್ತಿದ್ದವಳಿಗೆ ಬೆಳಗಿನವರೆಗೆ ನಿದ್ದೆ. ಬಿಪಿ ನೋಡಿದ ಡಾಕ್ಟರು, ಏನು ಮೇಡಂ ಈ ಸಲ ಇಷ್ಟು ಚೆನ್ನಾಗಿದೆ ಅಂದರು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಸಿಟ್ಟು ಹೋಗಿ ಕೂರುವುದಕ್ಕೆ ಒಂದು ಜಾಗ ಸಿಕ್ಕಿತ್ತು. ಹತ್ತು ನಿಮಿಷ ಚರ್ಮದ ಮೇಲೆ ಹೊಡೆದ ಮೇಲೆ ಯಾರ ಮೇಲೆ ಕೂಗಲಿ? ಇವರು ಮಾತ್ರೆ ನುಂಗಿದ ಮೇಲೆ ಬೆರಳಿನಿಂದ ಟೇಬಲ್ ತಟ್ಟಲು ಶುರುಮಾಡಿದರು. ಒಂದು ದಿನ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದರು. ಎಷ್ಟು ತಿಂಗಳ ಮೇಲೆ ಇವರು ನನ್ನ ಅಡುಗೆಯಲ್ಲಿ ತಪ್ಪು ಹುಡುಕಿದ್ದರು! ಖುಷಿಯಾಗಿ ಇನ್ನೂ ಎರಡು ಸೌಟು ಬಡಿಸಿದೆ.

ಕೆಲವು ದಿನ ಏನೂ ಆಗುತ್ತಿರಲಿಲ್ಲ, ಅದನ್ನೂ ಹೇಳಬೇಕು. ಮಾತ್ರೆಯ ಹೊತ್ತು ತಪ್ಪಿದರೆ ಯಾವ ಗತ್ತಿಗೂ ಕಾಲು ಏಳುತ್ತಿರಲಿಲ್ಲ. ಅಂಥ ದಿನ ಪಾರ್ಕಿನ ಬೆಂಚಿನ ಮೇಲೆ ಇಬ್ಬರೂ ಕೂತು ಕೆರೆ ನೋಡಿಕೊಂಡು ಬರುತ್ತಿದ್ದೆವು. ಹೊರಡುವ ಮುನ್ನಾದಿನವೂ ಹಾಗೇ ಆಯಿತು. "ಸುಮನಾಗೆ ಹೇಳ್ಬುಡು ಗಂಗಾ, ಆಗಲ್ಲ ಅಂತ," ಅಂದರು. ನಾನು ಹೇಳಲಿಲ್ಲ.

ಕುಣಿಗಲ್ ತಲುಪಿದಾಗ ಬೆಳಿಗ್ಗೆ ಏಳೂಮುಕ್ಕಾಲು. ಬಾಗಿಲಿಗೆ ಮಾವಿನ ತೋರಣ, ಬಾಳೆಕಂದು, ಹೊಸ ಬಣ್ಣದ ವಾಸನೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಬಳಿದಿದ್ದರು. ಹೊಸ ಮನೆಯ ಹೊಸ್ತಿಲು ನಮ್ಮ ಮನೆಯದಕ್ಕಿಂತ ನಾಲ್ಕು ಬೆರಳು ಎತ್ತರ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಒಳಗೆ ಸುಮನಾ ಒಲೆಯ ಮೇಲೆ ಹಾಲಿನ ಪಾತ್ರೆ ಇಟ್ಟುಕೊಂಡು, ಹಚ್ಚದೆ ಕಾಯುತ್ತಿದ್ದಳು. ಬೀಗರ ಕಡೆಯವರು ಅರವತ್ತು ಎಪ್ಪತ್ತು ಜನ ಪೆಂಡಾಲಿನಲ್ಲಿ. ಅಳಿಯ ವಾಲಗದವರಿಗೆ ಕೈಸನ್ನೆ ಮಾಡಿ ನಿಲ್ಲಿಸಿದ.

ನಾನು ಕಾರಿನಿಂದ ಸಮಾಳ ತೆಗೆದು ರೇಷ್ಮೆ ಸೀರೆಯ ಮೇಲೆ ಹಾಕಿಕೊಂಡೆ. ಯಾರೋ ಕಿಸಕ್ಕೆಂದರು. ನಡೆಯೋ ಗತ್ತು ಹಿಡಿದೆ. ಇವರು ಪೆಂಡಾಲು ದಾಟಿದರು, ರಂಗೋಲಿ ದಾಟಿದರು, ಮೆಟ್ಟಿಲು ಹತ್ತಿದರು. ನಾನು ಹಿಂದಕ್ಕೆ ನಡೆಯುತ್ತಾ ಹಿಮ್ಮಡಿಯಿಂದ ಹೊಸ್ತಿಲು ತಡವಿ ದಾಟಿ ಒಳಗೆ ಬಂದೆ. ಇವರು ಹೊಸ್ತಿಲ ಮುಂದೆ ಬಂದರು. ಕಾಲು ನಿಂತಿತು.

ಎಪ್ಪತ್ತು ಜನರ ಗುಸುಗುಸು ಒಮ್ಮೆಗೇ ನಿಂತುಹೋಯಿತು. ಬಾರಿಸುವುದು ನಿಲ್ಲಬಾರದು, ನಿಲ್ಲಬಾರದು ಅನ್ನುವುದೊಂದೇ ತಲೆಯಲ್ಲಿ. ಕೈ ಬಾರಿಸುತ್ತಲೇ ಇತ್ತು. ಇವರ ಬೆನ್ನು ನೆಟ್ಟಗಾಯಿತು, ಗದ್ದ ಮೇಲೆದ್ದಿತು, ಎರಡೂ ಕೈ ಹೊಟ್ಟೆಯ ಹತ್ತಿರ ಬಂದವು. ಆಗ ನನಗೆ ಗೊತ್ತಾಯಿತು. ಗಾಬರಿಯಲ್ಲಿ ನನ್ನ ಕೈ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಲಿತದ್ದಕ್ಕೆ ಹೋಗಿಬಿಟ್ಟಿತ್ತು. ನಿಲ್ಲೋ ಗತ್ತು. ನಾನೇ ಇವರನ್ನು ನಿಲ್ಲಿಸುತ್ತಿದ್ದೆ. ಬದಲಾಯಿಸಬೇಕು, ಹೇಗೆ ಬದಲಾಯಿಸುವುದು, ಇಷ್ಟು ದಿನ ಕಲಿತದ್ದೆಲ್ಲ ಮರೆತುಹೋಗಿತ್ತು. ಬೀಗರಲ್ಲಿ ಒಬ್ಬರು ಕುರ್ಚಿ ಎತ್ತಿಕೊಂಡು ಬರುತ್ತಿರುವುದು ಕಾಣಿಸಿತು.

"ಗಂಗಾ," ಅಂದರು ಇವರು. ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿ. "ಎಲ್ಲಾರ್ ಮನೆ ಮುಂದೆ ಮೂರೇ ಸುತ್ತು. ನಿಮ್ಮನೆ ಮುಂದೆ ಮಾತ್ರ ಹನ್ನೊಂದು."

"ಏನ್ರೀ?"

"ನಾನೇ ಗಂಗಹನುಮಂಗೆ ಹೇಳಿದ್ದೆ. ಅಷ್ಟೊತ್ತೂ ನೀನು ಆರತಿ ಹಿಡ್ಕೊಂಡು ಎದುರಿಗೆ ಇರ್ತಿದ್ದಲ್ಲ."

ನಲವತ್ತು ಕೆಜಿ ಹೊತ್ತುಕೊಂಡು ಹನ್ನೊಂದು ಸುತ್ತು. ನಾನು ಕೈ ನೋಯುತ್ತದೆ ಅಂತ ಬೈದುಕೊಳ್ಳುತ್ತಿದ್ದೆನಲ್ಲ, ಆ ಹನ್ನೊಂದು ಸುತ್ತು.

"ಹಂಗಾರೆ ಆ ಹತ್ತು ದಿನ... ಕೊಳಗ ಬಾರಿಸ್ತಿದ್ದಾಗ... ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು. ಚೆನ್ನಾಗಿತ್ತು, ನಿಂತಿದ್ದೆ," ಅಂದರು. ಆ ಬಿಗಿದ ಮುಖದ ಒಂದು ಮೂಲೆಯಲ್ಲಿ ನಗು ಇತ್ತು, ನನಗೆ ಕಂಡಿತು. ನಡುಗುವ ಬಲಗೈಯನ್ನು ಎತ್ತಿ ಹೊಸ ಬಾಗಿಲಿನ ಚೌಕಟ್ಟಿನ ಮೇಲಿಟ್ಟು ಬೆರಳಿನಿಂದ ತಟ್ಟಿದರು. ಎರಡು ಭಾರ, ಒಂದು ಹಗುರ. "ಈಗ ನಡೆಸು."

ನನ್ನ ಕೋಲು ಆ ಬೆರಳಿನ ತಾಳವನ್ನು ಹಿಡಿದುಕೊಂಡಿತು. ಎರಡು ಭಾರ, ಒಂದು ಹಗುರ. ಇವರ ಬಲಗಾಲು ಎದ್ದಿತು, ನಾಲ್ಕು ಬೆರಳು ಎತ್ತರದ ಆ ಹೊಸ್ತಿಲಿನ ಮೇಲೆ ಬಂತು, ಒಳಗೆ ಇಳಿಯಿತು. ಹಿಂದೆಯೇ ಎಡಗಾಲು. ಅಡುಗೆಮನೆಯಲ್ಲಿ ಬೆಂಕಿಕಡ್ಡಿ ಗೀರಿದ ಸದ್ದು ಕೇಳಿಸಿತು.

ಹಾಲು ಉಕ್ಕಿತು. ಜನ ಒಳಗೆ ಬಂದರು. ವಾಲಗದವರು ಮತ್ತೆ ಊದಿದರು. ಇವರು ನಡುಮನೆಯ ಮೂಲೆಯಲ್ಲಿ ಹಾಸಿದ್ದ ಜಮಖಾನದವರೆಗೆ ನಡೆದು, ಗೋಡೆ ಹಿಡಿದು, ಅಲ್ಲಿದ್ದ ಕುರ್ಚಿಯಲ್ಲಿ ತಾವೇ ಕೂತರು. ಸುಮನಾ ಕಣ್ಣೊರೆಸಿಕೊಂಡು ಬಂದು ನನ್ನ ತೋಳು ಹಿಡಿದಳು.

"ಅಮ್ಮಾ, ಅಪ್ಪ ಬಂದಾಯ್ತಲ್ಲ. ಸಾಕು, ನಿಲ್ಸು."

"ಸ್ವಲ್ಪ ಇರು ಕಣೇ," ಅಂದೆ. ಇವರ ಎದುರಿಗೆ ನಿಂತು ನಿಲ್ಲೋ ಗತ್ತು ಹಿಡಿದೆ. ಮೂರು ಸುತ್ತು ಆಯಿತು, ನಾನು ನಿಲ್ಲಿಸಲಿಲ್ಲ. ಹನ್ನೊಂದೂ ಬಾರಿಸಿದೆ.